ಪದಚರ್ಚೆ: ರೇಡಿಯೇಟರ್ ಸೋರುವುದೋ, ಒಸರುವುದೋ, ಜಿನುಗುವುದೋ?

ಪ್ರಶ್ನೆ (ಶಿರಸಿಯಿಂದ):

ಹಳೆಯ ಕಾರು ಇಟ್ಟುಕೊಂಡವರಿಗಾಗಿ ರೇಡಿಯೇಟರ್ (ಎಂಜಿನ್ನಿನ ಬಿಸಿನೀರನ್ನು ತಣಿಸುವ ಭಾಗ) ಆರೈಕೆಯ ಚಿಕ್ಕ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ಎಲ್ಲ ಕಡೆ ‘ಸೋರಿಕೆ’ ಎಂದೇ ಇದೆ. ಗ್ಯಾರೇಜಿನಲ್ಲಿ ಮಾತ್ರ ‘ಒಸರ್ತದೆ’, ‘ಜಿನುಗ್ತದೆ’, ‘ತೊಟ್ಟಿಕ್ತದೆ’ ಎಂದು ಬೇರೆ ಬೇರೆ ಮಾತು ಕೇಳುತ್ತೇವೆ. ಬೇರ್ಪಡಿಸಿ ಬರೆಯಬೇಕೇ? ‘ಬೆಸುಗೆ’ ಅಂದರೆ ಸಾಲ್ಡರಿಂಗೋ ವೆಲ್ಡಿಂಗೋ? ಎಂಜಿನ್ ತಣಿಸಲು ಹಾಕುವ ಕೂಲೆಂಟಿಗೆ ‘ಶೀತಕ’ ಆದೀತೇ?

ಉತ್ತರ (ಕಾರವಾರದಿಂದ):

ಖಂಡಿತ ಬೇರ್ಪಡಿಸಿ. ಒಂದೊಂದು ಕ್ರಿಯಾಪದವೂ ಬೇರೆ ಬೇರೆ ಜಾಗದ ದೋಷವನ್ನು ತೋರಿಸುತ್ತದೆ. ‘ಸೋರಿಕೆ’ ಎಂದಷ್ಟೇ ಬರೆದರೆ ಓದುಗ ಎಲ್ಲಿ ನೋಡಬೇಕೆಂದು ತಿಳಿಯದೆ ಮೊದಲು ರೇಡಿಯೇಟರನ್ನೇ ಬಿಚ್ಚಿಸುತ್ತಾನೆ.

ಒಸರುವುದು: ಹನಿ ಕಾಣುವುದಿಲ್ಲ, ಜಾಗ ತೇವವಾಗಿರುತ್ತದೆ, ಅಷ್ಟೆ. ಮಳೆಗಾಲದಲ್ಲಿ ಚಿರೆಕಲ್ಲಿನ ಗೋಡೆ ಒಸರುವ ಹಾಗೆ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರಿನಲ್ಲಿ ಮೇಲಿನ ಅಥವಾ ಕೆಳಗಿನ ಟ್ಯಾಂಕು ಕೋರಿಗೆ (ನಡುವಿನ ಕೊಳವೆಗಳ ಜಾಲಕ್ಕೆ) ಸೇರುವ ಅಂಚಿನಲ್ಲಿ ಹೀಗಾಗುತ್ತದೆ. ಬಿಸಿಗೆ ನೀರು ಆರಿ, ಹಸಿರು-ಬಿಳಿ ಪೊರೆ ಉಳಿಯುತ್ತದೆ. ಆ ಪೊರೆಯೇ ಗುರುತು.

ಜಿನುಗುವುದು: ಸಣ್ಣಗೆ, ಬಿಡದೆ ಬರುವ ನೀರು. ಈ ಪದವನ್ನು ವಾಟರ್ ಪಂಪಿಗೆ ಮೀಸಲಿಡಿ. ಪಂಪಿನ ಶಾಫ್ಟಿನ ಕೆಳಗೆ ಬೇಕೆಂದೇ ಬಿಟ್ಟ ಸಣ್ಣ ತೂತಿದೆ. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಬರಲಿ ಎಂದು. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚುವವರಿದ್ದಾರೆ. ಹಾಗೆ ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗಿ ಪಂಪ್ ಕಿರುಗುಡುತ್ತದೆ, ಕೊನೆಗೆ ಜಾಮ್ ಆಗುತ್ತದೆ. ಪಂಪನ್ನೇ ಬದಲಿಸಬೇಕು.

ತೊಟ್ಟಿಕ್ಕುವುದು: ಹನಿ ಬಿಡಿಬಿಡಿಯಾಗಿ ಬೀಳುತ್ತದೆ. ರಬ್ಬರ್ ಹೋಸಿನ ಕ್ಲಿಪ್, ನೀರು ಖಾಲಿ ಮಾಡುವ ಕೊಳಾಯಿ, ಇಲ್ಲವೇ ಕೊಳವೆಯ ಸೂಜಿತೂತು. ಎಂಜಿನ್ ತಣ್ಣಗಿರುವಾಗ ಮಾತ್ರ ತೊಟ್ಟಿಕ್ಕಿ, ಬಿಸಿಯಾದ ಮೇಲೆ ನಿಂತರೆ ಮೊದಲು ಕ್ಲಿಪ್ ನೋಡಿ. ಹಳೆಯ ರಬ್ಬರು ತಣಿದಾಗ ಕುಗ್ಗಿ ಹಿಡಿತ ಬಿಡುತ್ತದೆ.

‘ಸೋರುವುದು’ ಧಾರೆಗಟ್ಟಿ ಇಳಿಯುವುದಕ್ಕೆ, ‘ಚಿಮ್ಮುವುದು’ ಹೋಸ್ ಸೀಳಿದಾಗ ಒತ್ತಡಕ್ಕೆ ಹಾರುವುದಕ್ಕೆ ಇರಲಿ. ಎರಡರಲ್ಲೂ ಗಾಡಿ ಅಲ್ಲೇ ನಿಲ್ಲಿಸಬೇಕು.

ಹೊರಗೆ ಒಂದು ಹನಿಯೂ ಕಾಣದೆ ನೀರು ಇಳಿಯುತ್ತಿದ್ದರೆ ಮೆಕ್ಯಾನಿಕ್ಕುಗಳು ‘ಎಂಜಿನ್ ನೀರು ಕುಡೀತದೆ’ ಎನ್ನುತ್ತಾರೆ. ಈ ಮಾತನ್ನು ಕೈಪಿಡಿಯಲ್ಲಿ ಹಾಗೇ ಉಳಿಸಿ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಆಯಿಲ್ ಮುಚ್ಚಳದ ಒಳಗೆ ಹಾಲುಬಣ್ಣದ ಜಿಡ್ಡು, ರೇಡಿಯೇಟರಿನ ಬಾಯಲ್ಲಿ ಬಿಡದೆ ಏಳುವ ಗುಳ್ಳೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಬ್ಲಾಕಿಗೂ ನಡುವಿನ ಸೀಲು) ಹೋಗಿರುವ ಶಂಕೆ ಬಲವಾಗುತ್ತದೆ. ರೇಡಿಯೇಟರಿಗೆ ಎಷ್ಟು ದುಡ್ಡು ಸುರಿದರೂ ಅದು ನಿಲ್ಲದು.

ಇನ್ನು ‘ಬೆಸುಗೆ’. ಕೈಪಿಡಿಯಲ್ಲಿ ಅತಿ ಹೆಚ್ಚು ಹಾನಿ ಮಾಡಬಲ್ಲ ಪದ ಇದೇ. ಸಾಲ್ಡರ್ (ಮೆದು ಲೋಹ ಕರಗಿಸಿ ಅಂಟಿಸುವುದು), ಬ್ರೇಜಿಂಗ್ (ಹಿತ್ತಾಳೆಯಂಥ ಗಟ್ಟಿ ಲೋಹ ಕರಗಿಸಿ ಕೂಡಿಸುವುದು), ವೆಲ್ಡಿಂಗ್ (ಮೂಲ ಲೋಹವನ್ನೇ ಕರಗಿಸಿ ಬೆಸೆಯುವುದು) ಮೂರಕ್ಕೂ ನಾವು ಬೆಸುಗೆ ಎನ್ನುತ್ತೇವೆ. ಹಳೆಯ ರೇಡಿಯೇಟರನ್ನು ಜೋಡಿಸಿರುವ ಸೀಸ-ತವರದ ಸಾಲ್ಡರ್ ಸುಮಾರು 200 ಡಿಗ್ರಿಗೆ ಕರಗುತ್ತದೆ. ಗ್ಯಾಸ್ ಬ್ರೇಜಿಂಗ್, ವೆಲ್ಡಿಂಗಿನ ಶಾಖ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ‘ಬೆಸುಗೆ ಹಾಕಿಸಿ’ ಎಂದು ಓದಿದವನು ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಹೋದರೆ, ಒಂದು ತೂತು ಮುಚ್ಚುವಷ್ಟರಲ್ಲಿ ಅಕ್ಕಪಕ್ಕದ ಜೋಡಣೆಗಳೆಲ್ಲ ಬಿಟ್ಟುಕೊಳ್ಳುತ್ತವೆ. ‘ಸಾಲ್ಡರ್ ಹಾಕಿಸಿ, ಗ್ಯಾಸ್ ವೆಲ್ಡಿಂಗ್ ಬೇಡ’ ಎಂದೇ ಬರೆಯಿರಿ. ಮೊದಲು ನೀರು ಪೂರ್ತಿ ಖಾಲಿ ಮಾಡಿ, ಲೋಹ ಹೊಳೆಯುವ ತನಕ ತಂತಿಬ್ರಶ್ಶಿನಿಂದ ಉಜ್ಜಿ, ಸಾಲ್ಡರ್ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಬೇಕು. ಕೊಳಕು ಉಳಿದ ಕಡೆ ಸಾಲ್ಡರ್ ಮೇಲೆ ಕೂರುತ್ತದೆ, ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಈ ಮಾತು ಅನ್ವಯಿಸದು. ಅಲ್ಲಿ ಟ್ಯಾಂಕು ಗ್ಯಾಸ್ಕೆಟ್ ಮೇಲೆ ಮಡಿಸಿ ಕೂರಿಸಿದ್ದು, ಬಹುತೇಕ ಬದಲಿಸುವುದೇ ದಾರಿ.

‘ಶೀತಕ’ ಬೇಡ. ಫ್ರಿಜ್ಜಿನ ಅನಿಲಕ್ಕೂ ಆ ಪದ ಓಡುತ್ತದೆ. ಕೂಲೆಂಟ್ ಎಂದರೆ ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಆದ್ದರಿಂದ ಒಂದು ಪಾಲು ಗಟ್ಟಿ ಕೂಲೆಂಟಿಗೆ ಎರಡು ಪಾಲು ಡಿಸ್ಟಿಲ್ಡ್ ವಾಟರ್ ಸಾಕು. ಬೇಕಾದದ್ದು ಅದರೊಳಗಿನ ತುಕ್ಕುನಿರೋಧಕ. ಅಳಿವೆಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಆ ನೀರು ಹಾಕಿದರೆ ಅದು ಕೋರನ್ನು ಒಳಗಿನಿಂದ ತಿನ್ನುತ್ತಾ ಹೋಗುತ್ತದೆ, ಕಡಲಗಾಳಿ ಹೊರಗಿನಿಂದ ಫಿನ್ನುಗಳನ್ನು (ಕೊಳವೆಗಳ ನಡುವಿನ ತೆಳು ತಗಡುಗಳನ್ನು) ಪುಡಿ ಮಾಡುತ್ತದೆ. ತೆಗೆದ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ ಎಂದು ದಪ್ಪಕ್ಷರದಲ್ಲಿ ಹಾಕಿ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ.

ಮತ್ತೊಂದು ಉತ್ತರ (ಕುಮಟೆಯಿಂದ):

ಮೇಲಿನದಕ್ಕೆ ಒಪ್ಪಿಗೆ. ರೇಡಿಯೇಟರಿನ ‘ಮುಚ್ಚಳ’ ಎಂಬ ಪದದ ಬಗ್ಗೆ ಎಚ್ಚರವಿರಲಿ. ಅದು ಬರಿಯ ಮುಚ್ಚಳವಲ್ಲ, ಒತ್ತಡ ಹಿಡಿಯುವ ವಾಲ್ವು. 0.9 ಎಂದು ಅಚ್ಚಾಗಿದ್ದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 0.9 ಬಾರ್ ಹೆಚ್ಚು ಒತ್ತಡ ಹಿಡಿಯುತ್ತದೆ, ಆಗ ಬರಿನೀರೂ 118 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಒತ್ತಡವಿಲ್ಲದಿದ್ದರೆ ಕಡಲತೀರದ ಕುಮಟೆಯಲ್ಲಿ 100ಕ್ಕೆ, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 98ಕ್ಕೇ ಕುದಿ. ಒಸರುವುದು ಕಡಿಮೆಯಾಗಲೆಂದು ಮುಚ್ಚಳವನ್ನು ಅರ್ಧ ತಿರುವು ಸಡಿಲ ಬಿಟ್ಟು ಓಡಿಸುವುದುಂಟು. ಸಮತಟ್ಟಿನಲ್ಲಿ ಮನೆ ಮುಟ್ಟಬಹುದು, ಕುಮಟೆ-ಶಿರಸಿ ದಾರಿಯ ದೇವಿಮನೆ ಘಟ್ಟವನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಉಕ್ಕುತ್ತದೆ. ಹಳೆಯ ರೇಡಿಯೇಟರಿಗೆ ಹೆಚ್ಚು ಒತ್ತಡದ ಮುಚ್ಚಳವನ್ನೂ ಹಾಕಬಾರದು, ಸಾಲ್ಡರ್ ಬಿಡುತ್ತದೆ. ಬಿಸಿ ಇರುವಾಗ ತೆರೆಯಲೇಬಾರದು.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ತೂತು ಮುಚ್ಚುವ ಉಪಾಯವನ್ನು ಕೈಪಿಡಿಯಲ್ಲಿ ಹೇಳುವುದಾದರೆ ‘ಒಸರಿಗೆ ಮಾತ್ರ, ಗ್ಯಾರೇಜು ಮುಟ್ಟುವ ತನಕ’ ಎಂದು ಸೇರಿಸಿ. ತೂತಿನಲ್ಲಿ ಕೂರುವ ಪುಡಿ ಕಿರಿದಾದ ಕೊಳವೆಗಳಲ್ಲೂ ಕೂರುತ್ತದೆ, ಆಮೇಲೆ ಇಡೀ ವ್ಯವಸ್ಥೆ ತೊಳೆಸಬೇಕು.

ಒಳಗೆ ಸಿಕ್ಕಿದ ಗಾಳಿ ಬಿಡಿಸುವ ಕೊನೆಯ ಹಂತಕ್ಕೆ ‘ಏರ್ ತೆಗೆಯಿರಿ’ ಎಂಬ ಗ್ಯಾರೇಜಿನ ಮಾತೇ ಸರಿ. ತಣ್ಣಗಿರುವಾಗ ಮುಚ್ಚಳ ತೆಗೆದು ತುಂಬಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಓಡಿಸಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡುವ ವಾಲ್ವು) ತೆರೆದಾಗ ಮೇಲಿನ ಹೋಸ್ ಬಿಸಿಯಾಗಿ ನೀರಿನ ಮಟ್ಟ ಒಮ್ಮೆಲೇ ಇಳಿಯುತ್ತದೆ. ಕಂಠದವರೆಗೆ ತುಂಬಿ ಮುಚ್ಚಿ, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಮತ್ತೆ ನೋಡಿ.