ಹೊಸದಾಗಿ ಎಚ್.ಎಂ. ಆಗಿದ್ದೇನೆ, ಅನುಭವ ಇದ್ದವರು ಹೇಳಿ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಇಷ್ಟು ವರ್ಷ ಜೊತೆಗೆ ಪಾಠ ಮಾಡಿದವರಿಗೇ ಈಗ ನಾನು ಮುಖ್ಯ ಶಿಕ್ಷಕಿ. ನನಗಿಂತ ಹಿರಿಯರೊಬ್ಬರು ದಿನಾ ತಡವಾಗಿ ಬರುತ್ತಾರೆ. ಹೇಳಿದರೆ ಮುನಿಸು, ಬಿಟ್ಟರೆ ಉಳಿದವರೂ ಅದೇ ದಾರಿ ಹಿಡಿಯುತ್ತಾರೆ. ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಆನ್‌ಲೈನ್ ವ್ಯವಸ್ಥೆ), ಬಿಸಿಯೂಟದ ಲೆಕ್ಕ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳುವ ಮಾಹಿತಿ ಇದರಲ್ಲೇ ದಿನ ಮುಗಿಯುತ್ತದೆ. ಏನು ಮಾಡಲಿ?

ನಿವೃತ್ತ ಮುಖ್ಯ ಶಿಕ್ಷಕಿ:
ಮೇಡಂ, ಆ ಹಿರಿಯರಿಗೆ ಎಲ್ಲರೆದುರು ಹೇಳಬೇಡಿ. ಒಬ್ಬರೇ ಇದ್ದಾಗ "ಸರ್, ಬೆಳಗ್ಗೆ ಏನಾದರೂ ತೊಂದರೆ ಇದೆಯಾ?" ಅಂತ ಕೇಳಿ. ನಮ್ಮಲ್ಲಿ ಒಬ್ಬರ ಬಸ್ಸು ಬರುತ್ತಿದ್ದುದೇ ಪ್ರಾರ್ಥನೆ ಮುಗಿದ ಮೇಲೆ. ಮಕ್ಕಳ ಮೊದಲ ಪೀರಿಯಡ್ ಹಾಳಾಗುತ್ತಿದೆ ಅಂದೆ. ಅದಕ್ಕೂ ಮುಂಚಿನ ಬಸ್ಸಿಗೆ ಬರತೊಡಗಿದರು. ಕೇಳದಿದ್ದರೆ ಬರವಣಿಗೆಯಲ್ಲಿ ಕೊಡಿ. ವೇಳೆಗೆ ಸರಿಯಾಗಿ ಬರಬೇಕು ಅನ್ನುವುದು 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಇದೆ, ನಿಮ್ಮ ಹಟ ಅಲ್ಲವಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಮೊದಲ ಸಹಿ ನಿಮ್ಮದೇ ಇರಲಿ.

ಬೆಳಗಿನ ಹೊತ್ತು ಫೈಲು ಮುಟ್ಟಬೇಡಿ. ತರಗತಿಗೆ ಹೋಗಿ ಮಕ್ಕಳ ಪಕ್ಕ ಕೂತುಕೊಳ್ಳಿ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ ನೋಡಿದೆ. ದುಂಡು ಅಕ್ಷರ, ಪ್ರತಿ ಪುಟಕ್ಕೂ ಟೀಚರ್ ಸಹಿ. ಓದಮ್ಮಾ ಅಂದರೆ ಒಂದು ಸಾಲೂ ಬರಲಿಲ್ಲ. ಎಲ್ಲಾ ಬೋರ್ಡ್ ನೋಡಿ ಬರೆದದ್ದು! ಅಂಥ ಐದಾರು ಮಕ್ಕಳಿದ್ದರು. ಟೀಚರನ್ನು ಬೈಯಲಿಲ್ಲ, ದಿನಾ ಸ್ವಲ್ಪ ಹೊತ್ತು ಅವರನ್ನು ನಾನೇ ಕೂರಿಸಿಕೊಂಡು ಓದಿಸಿದೆ. ಆಮೇಲೆ ಬೇರೆ ತರಗತಿಯವರು ತಾವಾಗಿಯೇ "ನಮ್ಮ ಮಕ್ಕಳನ್ನೂ ಸ್ವಲ್ಪ ನೋಡಿ ಮೇಡಂ" ಅಂತ ಬಂದರು. ತಾನೂ ಪಾಠ ಮಾಡುವ ಎಚ್.ಎಂ. ಮಾತಿಗೆ ತೂಕ ಜಾಸ್ತಿ.

ಪ್ರಭಾರ ಮುಖ್ಯ ಶಿಕ್ಷಕ, ಕಿರಿಯ ಪ್ರಾಥಮಿಕ ಶಾಲೆ:
ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಗದು ಪುಸ್ತಕ ಮೇಜಿನ ಮೇಲಿಡಿ, ಯಾರು ಬೇಕಾದರೂ ನೋಡಲಿ. ಅರ್ಧದಷ್ಟು ಮಹಿಳೆಯರು ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಆದರೆ ತಾಯಂದಿರು ಸುಮ್ನೆ ಸಹಿ ಹಾಕಿ ಎದ್ದು ಹೋಗುತ್ತಾರೆ. ಹೆಸರು ಹಿಡಿದು ಕೇಳಿ. ಶೌಚಾಲಯಕ್ಕೆ ನೀರಿಲ್ಲದೆ ಹೆಣ್ಣುಮಕ್ಕಳು ಮಧ್ಯಾಹ್ನವೇ ಮನೆಗೆ ಬರುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಹಾಗೆ.

ಪ್ರೌಢಶಾಲೆ ಮುಖ್ಯ ಶಿಕ್ಷಕಿ:
ಮೇಲಿನವರು ಹೇಳಿದ್ದೆಲ್ಲ ಸರಿ. ಒಂದೇ ಒಂದು ಸೇರಿಸುತ್ತೇನೆ. ಮಿಕ್ಕಿದ್ದರಲ್ಲಿ ಹೊಂದಿಕೊಂಡು ಹೋಗಿ, ಮಕ್ಕಳಿಗೆ ಹೊಡೆಯುವ ವಿಷಯದಲ್ಲಿ ಮಾತ್ರ ರಾಜಿ ಬೇಡ. ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಪೋಷಕರೇ ಬಂದು "ಎರಡು ಬಿಡಿ ಮೇಡಂ" ಅನ್ನುತ್ತಾರೆ, ಒಪ್ಪಬೇಡಿ. ಮೊದಲ ಸ್ಟಾಫ್ ಮೀಟಿಂಗಿನಲ್ಲೇ ಹೇಳಿ, ನಡಾವಳಿಯಲ್ಲಿ ಬರೆಸಿ, ಎಲ್ಲರ ಸಹಿ ತೆಗೆದುಕೊಳ್ಳಿ.