ಹೇಳುವವರು ಎಲ್ಲಿ ಕೂತಿದ್ದಾರೆ?

ದಾವಣಗೆರೆಯ ನಮ್ಮ ಬಿ.ಎ. ಗೆಳೆಯರ ಗುಂಪಿನಲ್ಲಿ ಭಾನುವಾರ ನಡೆದ ಮಾತು ಇದು. ರುದ್ರೇಶ ಬೆಳಿಗ್ಗೆ ಒಂದು ಚಿತ್ರ ಫಾರ್ವರ್ಡ್ ಮಾಡಿದ್ದ. ಅದರ ಮೇಲೆ “ಕತೆಗಾರ ಬದುಕಿಡೀ ಬರೆಯುವುದು ಒಂದೇ ಕತೆ, ಹೆಸರು ಮಾತ್ರ ಬೇರೆ” ಅಂತ ಇತ್ತು.

ರುದ್ರೇಶ: ಎಷ್ಟು ನಿಜ ಅಲ್ವಾ? ನಮ್ಮ ಮಾಸ್ತಿಯವರನ್ನೇ ನೋಡಿ. ಮೊದಲಿಂದ ಕೊನೆವರೆಗೂ ಒಬ್ಬ ಹಿರಿಯರು ಜಗಲಿಯಲ್ಲಿ ಕೂತು ಕತೆ ಹೇಳಿದ ಹಾಗೇ ಇದೆ.

ಶೈಲಾ: 👍 ಸರಿಯಾಗಿ ಹೇಳಿದೆ.

ಗಿರಿಜಾ: ಒಪ್ಪುವುದಿಲ್ಲ ರುದ್ರೇಶಾ. ಜಗಲಿ ಒಂದೇ ಇರಬಹುದು. ಕೂತವರು ಯಾರು, ಎಷ್ಟು ದೂರದಲ್ಲಿ ಕೂತಿದ್ದಾರೆ ಅನ್ನುವುದು ಬದಲಾಗಿದೆ.

ರುದ್ರೇಶ: ಉದಾಹರಣೆ ಕೊಡು ಮಾರಾಯ್ತಿ. ಸುಮ್ನೆ ಹೇಳಿದರೆ ಆಗಲ್ಲ.

ಗಿರಿಜಾ: ಕೊಡ್ತೀನಿ. ‘ರಂಗನ ಮದುವೆ’ ಅವರು ಬರವಣಿಗೆ ಶುರು ಮಾಡಿದ ಕಾಲದ್ದು. ಅದೂ ಸೇರಿದ ಮೊದಲ ಸಂಕಲನ ಬಂದಿದ್ದು 1920ರಲ್ಲಿ. ಕತೆ ಹೇಳುವವನು ಶ್ಯಾಮ. ಅವನಿಗೆ ಕತೆ ಶುರು ಮಾಡುವ ಅವಸರವೇ ಇಲ್ಲ. ಮೊದಲು ಹೊಸಹಳ್ಳಿಯ ಮಾವಿನಕಾಯಿ ಎಷ್ಟು ಹುಳಿ ಅಂತ ನಮ್ಮ ಮುಂದೆ ಕೂತು ಹೇಳುತ್ತಾನೆ. ಆಮೇಲೆ ರಂಗ ಬೆಂಗಳೂರಿನಿಂದ ಓದಿ ಬರುತ್ತಾನೆ, ಜನಿವಾರ ಇನ್ನೂ ಇದೆಯಾ ಅಂತ ಊರೇ ಬಂದು ನೋಡುತ್ತದೆ. ಇಷ್ಟಾದ ಮೇಲೂ ಶ್ಯಾಮ ಸುಮ್ಮನೆ ಕೂರುವುದಿಲ್ಲ. ರತ್ನ ಅನ್ನುವ ಹುಡುಗಿಯ ಹಾಡು ರಂಗನ ಕಿವಿಗೆ ಬೀಳುವ ಹಾಗೆ ಮಾಡುತ್ತಾನೆ. ಅವಳಿಗೆ ಮದುವೆ ಆಗಿದೆ ಅಂತ ಸುಳ್ಳು ಹೇಳುತ್ತಾನೆ. ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟು ಆಮೇಲೆ ರಂಗನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ. ಅಂದರೆ ಕತೆ ಹೇಳುವವನೇ ಕತೆ ನಡೆಸುವವನು.

ಈಗ ‘ಮೊಸರಿನ ಮಂಗಮ್ಮ’ ತೆಗೆದುಕೊ. ಇದು ಆಮೇಲಿನದು. ಇಲ್ಲಿ ಹೇಳುವವಳು ಮಂಗಮ್ಮನ ಹತ್ತಿರ ಮೊಸರು ತೆಗೆದುಕೊಳ್ಳುವ ಒಬ್ಬ ಗೃಹಿಣಿ. ಅವಳು ಯಾವ ಆಟವನ್ನೂ ಹೂಡುವುದಿಲ್ಲ. ಮಂಗಮ್ಮ ಮೊಸರು ಅಳೆದು ಕೊಡುತ್ತಾ ಸೊಸೆಯ ಜಗಳ ಹೇಳಿಕೊಳ್ಳುತ್ತಾಳೆ, ಇವಳು ಕೇಳುತ್ತಾಳೆ. ಕೊನೆಗೆ ಸೊಸೆಯ ಮಾತೂ ಕಿವಿಗೆ ಬೀಳುತ್ತದೆ. ಆಗ ಇಷ್ಟು ಹೊತ್ತು ಕೇಳಿದ್ದು ಅರ್ಧ ಮಾತ್ರ ಅಂತ ನಮಗೆ ಗೊತ್ತಾಗುತ್ತದೆ. ಆಡಿಸುತ್ತಿದ್ದವನ ಜಾಗದಲ್ಲಿ ಕೇಳುವವಳನ್ನು ತಂದು ಕೂರಿಸುವುದು ಸಣ್ಣ ಬದಲಾವಣೆಯಾ?

ರುದ್ರೇಶ: ಇದು ಕೈ ಪಳಗಿದ್ದು ಅಷ್ಟೇ. ಬದಲಾವಣೆ ಅಂದರೆ ತೇಜಸ್ವಿ ಥರ ಇರಬೇಕು.

ಮಂಜಣ್ಣ: ಹೌದು, ಅವರು ಬಾಯಿಬಿಟ್ಟು ಹೇಳಿಯೇ ಬದಲಾದರು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ ಬಂದಾಗ ಮುನ್ನುಡಿಯಲ್ಲೇ ನವ್ಯದ ದಾರಿ, ಅಂದರೆ ಒಬ್ಬನ ಒಳಮನಸ್ಸನ್ನೇ ಕೆದಕುವ ಆಗಿನ ಸಾಹಿತ್ಯದ ದಾರಿ, ಬಿಟ್ಟೆ ಅಂದರು. ಅದಕ್ಕೆ ಮೊದಲು, 1966ರ ‘ಸ್ವರೂಪ’ ಕಾದಂಬರಿಯಲ್ಲಿ ನಾವು ಒಬ್ಬ ಮನುಷ್ಯನ ತಲೆಯೊಳಗೇ ಓಡಾಡುತ್ತೇವೆ. ಅಬಚೂರಿನಲ್ಲಿ ಬೋಬಣ್ಣ, ತಬರ, ಮುಸ್ತಾಫಾ ಎಲ್ಲ ಬೀದಿಗೆ ಬಂದುಬಿಟ್ಟರು.

ರುದ್ರೇಶ: ಅದೇ ನಾನೂ ಹೇಳೋದು ಮಂಜಣ್ಣ. ಅದು ಬದಲಾವಣೆ.

ಗಿರಿಜಾ: ನೀನೇ ಹಾಕಿದ ಚಿತ್ರವನ್ನು ನೀನೇ ಬೀಳಿಸಿದೆಯಲ್ಲಪ್ಪಾ! ಆದರೆ ಮುನ್ನುಡಿ ಬರೆದು ಬದಲಾದವರದ್ದು ಮಾತ್ರ ಬದಲಾವಣೆ ಅನ್ನಬೇಡ. ಸದ್ದಿಲ್ಲದೆ ಬದಲಾದವರೂ ಇದ್ದಾರೆ. ಅದನ್ನು ಕಾಣಬೇಕಾದರೆ ಹಳೆಯ ಕತೆ, ಹೊಸ ಕತೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಶೈಲಾ: ಬದಲಾದ ಮಾತ್ರಕ್ಕೆ ಚೆನ್ನಾಗಾಗುತ್ತೆ ಅಂತಲೂ ಇಲ್ಲ ಗಿರಿಜಾ. ನನಗೆ ಈಗಲೂ ಶ್ಯಾಮನೇ ಇಷ್ಟ. ಆ ಹುಳಿ ಮಾವಿನಕಾಯಿ ಹತ್ತನೇ ಸಲ ಓದಿದರೂ ನಗು ಬರುತ್ತೆ.

ಗಿರಿಜಾ: ಅದು ಸರಿ. ಮೇಲೆ ಹತ್ತಿದರು ಅಂತ ನಾನೂ ಹೇಳುತ್ತಿಲ್ಲ. ಜಾಗ ಬದಲಿಸಿದರು ಅಂತಿದ್ದೇನೆ. ಇದು ನನಗೆ ಹೊಳೆದಿದ್ದು ಪುಸ್ತಕದಿಂದ ಅಲ್ಲ, ನಮ್ಮ ಅವ್ವನಿಂದ.

ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿದ್ದದ್ದು ನಿಮಗೆ ಗೊತ್ತು. ಮಿಲ್ಲು ಮುಚ್ಚಿದ ದಿನದ ಕತೆಯನ್ನು ಅವ್ವ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ನಾವು ಕಾಲೇಜಿನಲ್ಲಿದ್ದಾಗ ಆ ಕತೆ ದೊಡ್ಡದಿತ್ತು. ಯಾರು ಏನಂದರು, ಗೇಟಿನ ಹತ್ತಿರ ಎಷ್ಟು ಜನ ಇದ್ದರು, ತಾನು ಅಪ್ಪನಿಗೆ ಹೇಗೆ ಧೈರ್ಯ ಹೇಳಿದೆ, ಎಲ್ಲ ಬರುತ್ತಿತ್ತು. ಅವ್ವನೇ ಅದರ ನಾಯಕಿ. ವರ್ಷ ಕಳೆದ ಹಾಗೆ ಒಂದೊಂದೇ ಉದುರುತ್ತಾ ಬಂತು. ಮೊದಲು ಬೈಗುಳ ಹೋಯಿತು. ಆಮೇಲೆ ತಾನು ಹೇಳಿದ ಧೈರ್ಯದ ಮಾತೂ ಹೋಯಿತು. ಹೋದ ತಿಂಗಳು ಮೊಮ್ಮಗಳು ಕೇಳಿದಳು. ಅವ್ವ ಮಂಡಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಆವತ್ತು ಊಟದ ಡಬ್ಬಿ ತುಂಬಿದ ಹಾಗೇ ವಾಪಸ್ ಬಂತು” ಅಂದಳು. ಅಷ್ಟೇ ಕತೆ.

ಇದನ್ನು ಒಂದೇ ಕತೆ ಅಂತೀಯಾ ರುದ್ರೇಶಾ? ನಡೆದದ್ದು ಒಂದೇ ದಿನ, ನಿಜ. ನನಗೆ ಮಾತ್ರ ಅವ್ವ ಆ ಕತೆಯನ್ನು ಮೂವತ್ತು ವರ್ಷ ತಿದ್ದಿ ತಿದ್ದಿ ಬರೆದಳು ಅನ್ನಿಸುತ್ತದೆ.

(ಹತ್ತು ನಿಮಿಷ ಯಾರೂ ಏನೂ ಹಾಕಲಿಲ್ಲ.)

ಮಂಜಣ್ಣ: 🙏

ರುದ್ರೇಶ: ಡಬ್ಬಿಯಲ್ಲಿ ಏನಿತ್ತು ಅಂತ ಅವ್ವ ಹೇಳ್ತಾರಾ?

ಗಿರಿಜಾ: ಮೊದಲು ಹೇಳುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ. ಈಗ ಹೇಳುವುದಿಲ್ಲ.