ಸಹಾಯ ಬೇಕು: ಮಂದದೃಷ್ಟಿಯವರು ಮನೆಯಲ್ಲಿದ್ದರೆ ಒಂದು ಪ್ರಶ್ನೆ ಕೊಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ಅಮ್ಮನಿಗೆ 71 ವರ್ಷ. ವಯಸ್ಸಿನಿಂದ ಬಂದ ಅಕ್ಷಿಪಟಲದ ತೊಂದರೆಯಿಂದ ನೋಟದ ನಡುಭಾಗ ಮಸುಕಾಗಿ, ಅಂಚು ಮಾತ್ರ ಉಳಿದಿದೆ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಕೈ ಈಗಲೂ ತಪ್ಪುವುದಿಲ್ಲ. ಎದುರು ನಿಂತ ನನ್ನ ಮುಖ ಕಾಣಲು ಮಾತ್ರ ತಲೆ ಓರೆ ಮಾಡಬೇಕು. ಬಸ್ಸಿನ ಬೋರ್ಡು ಓದಲಾಗದೆ ಕಂಡಕ್ಟರ್ ಕೂಗಿಗೆ ಕಿವಿಗೊಟ್ಟು ನಿಲ್ಲುತ್ತಾರೆ.

ತಂಗಿಯ ಮಗಳು ಆಪ್ಟೊಮೆಟ್ರಿ (ಕಣ್ಣಿನ ನೋಟ ಪರೀಕ್ಷಿಸಿ ಕನ್ನಡಕ ಕೊಡುವ ವಿದ್ಯೆ) ಓದುತ್ತಿದ್ದಾಳೆ. ಮಂದದೃಷ್ಟಿಯವರ ಆರೈಕೆಯಲ್ಲಿ ಮೊದಲು ಯಾವುದರ ಸಂಶೋಧನೆ ಆಗಬೇಕೆಂದು ಅವರನ್ನೇ ಕೇಳುವುದು ಅವಳ ಪ್ರಾಜೆಕ್ಟ್. ಬ್ರಿಟನ್ನಿನಲ್ಲಿ ರೋಗಿಗಳು, ಮನೆಯವರು, ವೈದ್ಯರು ಕೂಡಿ ಮಾಡಿದ ಇಂಥ ಪ್ರಶ್ನೆಗಳ ಪಟ್ಟಿ 2013ರಲ್ಲಿ ಹೊರಬಂದಿತ್ತು. ಮಳೆಗಾಲದಲ್ಲಿ ಪಾಚಿ ಕಟ್ಟುವ ನಮ್ಮ ಅಂಗಳದ ಚಿಂತೆ ಅದರಲ್ಲಿ ಎಲ್ಲಿಂದ ಬರಬೇಕು!

ಅಮ್ಮನದೇ ಒಂದು ಪ್ರಶ್ನೆಯಿದೆ. ಸಂಜೆ ಜಗಲಿಯಲ್ಲಿ ಮಕ್ಕಳು ಕುಳಿತಂತೆ ಕಾಣುತ್ತದಂತೆ. ನೋಡಿದರೆ ಯಾರೂ ಇರುವುದಿಲ್ಲ. ಮರುಳು ಎಂದಾರು ಎಂದು ವರ್ಷವಿಡೀ ಬಾಯಿ ಬಿಡಲಿಲ್ಲ, ದೈವಕ್ಕೆ ಹರಕೆಯನ್ನೂ ಹೇಳಿಕೊಂಡಿದ್ದರು. ಇದಕ್ಕೆ ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಎನ್ನುತ್ತಾರೆ. ನೋಟ ಕುಂದಿದಾಗ ಮಿದುಳೇ ಚಿತ್ರ ಕಟ್ಟಿಕೊಳ್ಳುತ್ತದೆ, ಹುಚ್ಚಲ್ಲ. ಕನ್ನಡಕ ಬದಲಿಸಿ ಕಳುಹಿಸಿದ ಕಡೆ ಒಬ್ಬರೂ ಇದನ್ನು ವಿಚಾರಿಸಿರಲಿಲ್ಲ.

ಕನ್ನಡಕ ಹಾಕಿಯೂ, ಇದ್ದುದರಲ್ಲಿ ಚೆನ್ನಾಗಿರುವ ಕಣ್ಣಿನ ನೋಟ 6/18ಕ್ಕಿಂತ ಕಡಿಮೆ ಇರುವವರು (ಸರಿಯಾದ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರಿನಿಂದಲೂ ಓದಲಾಗದವರು) ಮನೆಯಲ್ಲಿದ್ದರೆ, ಅವರನ್ನು ಹೆಚ್ಚು ಕಾಡುವ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಕಳುಹಿಸಿ. ತುಳು, ಬ್ಯಾರಿ, ಕೊಂಕಣಿ ಯಾವುದಾದರೂ ಸರಿ, ಧ್ವನಿ ಸಂದೇಶವೂ ಆಗುತ್ತದೆ. ಹೆಸರು ಬೇಡ. ಭೂತಗನ್ನಡಿ ಕೊಂಡು ಮೂಲೆಗಿಟ್ಟವರು ಏಕೆಂದು ತಿಳಿಸಿದರೆ ಅದೂ ಬೇಕು, ಅಮ್ಮನದು ಕಪಾಟಿನಲ್ಲಿದೆ.